ತೊರಕೆ ಕೆಡಿಸಿದ ಪಾಠ

ಮರಿ ಹಾಕಿದರೆ ಸಸ್ತನಿ, ಮೊಟ್ಟೆ ಇಟ್ಟರೆ ಮೀನು. ಬೋರ್ಡಿನ ಮೇಲೆ ಇಷ್ಟು ಬರೆದು ಕೈ ಝಾಡಿಸಿಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮನೆಯವರು ಮಲ್ಪೆಯಲ್ಲಿ ಮೀನು ಮಾರುವವರು, "ಸರ್, ತೊರಕೆ ಹೊಟ್ಟೆ ಕೊಯ್ದರೆ ಒಳಗೆ ಮರಿಯೇ ಇರ್ತದಲ್ಲ?" ಅಂದಳು. ತೊರಕೆ ಅಂದರೆ ಚಪ್ಪಟೆ ಮೈಯ, ಉದ್ದ ಬಾಲದ ಮೀನು. ಮುಗೀತು ನನ್ನ ಪಾಠ.

ಮುಂದಿನ ವಾರ ಎರಡೇ ಪ್ರಾಣಿ ಇಟ್ಟುಕೊಂಡೆ: ಗಂಗೆಯ ಡಾಲ್ಫಿನ್ ಮತ್ತು ನಮ್ಮ ಬಿಳಿ ಚುಕ್ಕೆ ತೊರಕೆ. ಡಾಲ್ಫಿನ್‌ ನೋಡಿದ್ದು ಬಿಹಾರದ ಭಾಗಲ್ಪುರದಲ್ಲಿ, ದೋಣಿಯಿಂದ. ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ಗಂಗೆ 1991ರಿಂದ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯ. ನೋಡಿದ್ದು ಅನ್ನೋದೂ ಜಾಸ್ತಿಯೇ; ಉದ್ದ ಮೂತಿ, ಬೂದು ಬೆನ್ನು, ಒಂದು ಸೆಕೆಂಡು, ಮಾಯ. ಆದರೆ ಅದು ಉಸಿರು ಬಿಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿಯ ಜನ ಈ ಡಾಲ್ಫಿನ್ನನ್ನು ಸೋಂಸ್ ಅಂತಾರೆ, ಆ ಸದ್ದಿಗೆ ಸರಿಯಾಗೇ ಇದೆ.

ತೊರಕೆಗೆ ಅಷ್ಟು ದೂರ ಹೋಗಬೇಕಿರಲಿಲ್ಲ. ಬಾಲದ ಮುಳ್ಳು ತೆಗೆಸಿ, ಸಣ್ಣದೊಂದನ್ನು ಟ್ರೇಯಲ್ಲಿಟ್ಟು ಕ್ಲಾಸಿಗೇ ತಂದೆ. (ವಾಸನೆಗೆ ಪಕ್ಕದ ಕ್ಲಾಸಿನವರು ಬೈದರು, ಇರಲಿ.) ಕಣ್ಣಿನ ಹಿಂದೆ ಒಂದೊಂದು ತೂತು. "ಡಾಲ್ಫಿನ್ ಮೂಗು ಸರ್!" ಅಂದರು ಎಲ್ಲರೂ. ನಾನೂ ಹಿಂದೊಮ್ಮೆ ಹಾಗೇ ಅಂದುಕೊಂಡಿದ್ದೆ. ಆದರೆ ಅದು ಗಾಳಿಗಲ್ಲ, ನೀರಿಗೆ. ತೊರಕೆ ಮರಳಲ್ಲಿ ಹುದುಗಿ ಮಲಗುತ್ತದೆ, ಬಾಯಿ ಇರೋದು ಅಡಿಯಲ್ಲಿ, ಅಲ್ಲಿಂದ ನೀರೆಳೆದರೆ ಜೊತೆಗೆ ಮರಳೂ ಬರುತ್ತದಲ್ವಾ? ಅದಕ್ಕೇ ಮೇಲಿನ ತೂತಿನಿಂದ ನೀರೆಳೆದು ಹೊಟ್ಟೆ ಕಡೆಯ ಸೀಳುಗಳಿಂದ ಬಿಡುತ್ತದೆ. ಮಗುಚಿ ಎಣಿಸಿ ಅಂದೆ. ಒಂದೊಂದು ಕಡೆ ಐದು. ಸೋಂಸ್ ತಲೆಯ ಮೇಲೆ ಇರೋದು ಒಂದೇ ಸೀಳು, ಅದೂ ಗಾಳಿಗೆ ಮಾತ್ರ. ಅದಕ್ಕೇ ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಎರಡಕ್ಕೂ ಬೇಟೆಗೆ ಕಣ್ಣು ಅಷ್ಟಕ್ಕಷ್ಟೇ. ಸೋಂಸ್ ಕಣ್ಣಲ್ಲಿ ಮಸೂರವೇ ಇಲ್ಲ, ಕೆಸರು ನೀರಲ್ಲಿ ಸದ್ದು ಮಾಡಿ ಪ್ರತಿಧ್ವನಿ ಹಿಡಿದೇ ಮೀನು ಹುಡುಕುತ್ತದೆ. ತೊರಕೆ ಕಣ್ಣು ಚೆನ್ನಾಗಿದೆ, ಆದರೆ ಬಾಯಿಯ ಹತ್ತಿರ ಏನಿದೆ ಅಂತ ಅದಕ್ಕೆ ಕಾಣೋದಿಲ್ಲ. ಬಾಯಿ ಸುತ್ತಲಿನ ಸೂಜಿಮೊನೆಯಷ್ಟು ರಂಧ್ರಗಳಿಂದ ಮರಳೊಳಗಿನ ಸೀಗಡಿ, ಏಡಿಗಳ ಮೈಯ ವಿದ್ಯುತ್ತನ್ನು ಗ್ರಹಿಸುತ್ತದೆ.

ಇನ್ನು ಆ ಹುಡುಗಿಯ ಪ್ರಶ್ನೆ. ತೊರಕೆ ಮರಿಯನ್ನೇ ಹಾಕುತ್ತದೆ. ಅಷ್ಟೇ ಅಲ್ಲ, ಗರ್ಭದೊಳಗೇ ಮರಿಗೆ ಹಾಲಿನಂಥ ದ್ರವ ಉಣಿಸುತ್ತದೆ. ಆದರೆ ಹುಟ್ಟಿದ ಮೇಲೆ ಮರಿ ಅದರ ಪಾಡಿಗೆ ಅದು. ಸೋಂಸ್ ಮರಿ ಹುಟ್ಟಿದ ಮೇಲೂ ತಾಯಿಯ ಮೊಲೆಹಾಲು ಕುಡಿದೇ ಬೆಳೆಯುತ್ತದೆ. "ಹಂಗಾದ್ರೆ ಬೋರ್ಡಲ್ಲಿ ಬರೆದದ್ದು ತಪ್ಪು" ಅಂದಳು. ಡಸ್ಟರ್ ಅವಳ ಕೈಗೇ ಕೊಟ್ಟೆ.