ಮುರುಗಲು: ಸಿಪ್ಪೆಯಿಂದ ಪಾನಕ, ಬೀಜದಿಂದ ತುಪ್ಪ

ಬೇಸಿಗೆ ಏರುತ್ತಿದ್ದಂತೆ ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿಯೂ ಕುಮಟಾ, ಅಂಕೋಲಾದ ಹಿತ್ತಿಲುಗಳಲ್ಲಿಯೂ ಮುರುಗಲು, ಅಂದರೆ ಪುನರ್ಪುಳಿ ಅಥವಾ ಕೋಕಂ, ಹಣ್ಣಾಗುತ್ತದೆ. ಸಿಪ್ಪೆಯನ್ನು ಜೋಪಾನವಾಗಿ ಎತ್ತಿಟ್ಟು ಬೀಜವನ್ನು ಗೊಬ್ಬರದ ಗುಂಡಿಗೆ ಸುರಿಯುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಸಿಗುವುದು ಆ ಬೀಜದಿಂದಲೇ. ಸಿಪ್ಪೆಯ ಪಾನಕ, ಬೀಜದ ತುಪ್ಪ, ಎರಡು ಕೆಲಸಕ್ಕೂ ಬಿಸಿಲು ಬೇಕಾದ್ದರಿಂದ ಜೂನ್ ಮಳೆ ಹಿಡಿಯುವ ಮೊದಲೇ ಶುರುಮಾಡಬೇಕು.

ಕಡುಗೆಂಪಾಗಿ ಪೂರ್ತಿ ಹಣ್ಣಾದವನ್ನಷ್ಟೇ ಆರಿಸಿ, ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ ಎರಡು ಹೋಳು ಮಾಡಿ, ತಿರುಳು ಮತ್ತು ಬೀಜವನ್ನು ಬೇರೆ ಪಾತ್ರೆಗೆ ತೆಗೆಯಿರಿ. ಹಣ್ಣಿನ ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಗಳು ಬೇಡ. ಗಾಜಿನ ಭರಣಿ ಅಥವಾ ಸ್ಟೀಲ್ ಪಾತ್ರೆ ಸಾಕು.

ಪಾನಕದ ರಸಕ್ಕೆ 1 ಕೆ.ಜಿ. ಸಿಪ್ಪೆಗೆ 2 ಕೆ.ಜಿ. ಸಕ್ಕರೆ ಬೇಕು. ಒಣಗಿದ ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಸುಮಾರು ಒಂದು ವಾರ ಬಿಸಿಲಿಗಿಡಿ. ಸಂಜೆ ಒಳಗೆ ತಂದು ಒಣ ಸೌಟಿನಿಂದ ಒಮ್ಮೆ ತಿರುವಿದರೆ ಸಾಕು. ಸಕ್ಕರೆಯೇ ಸಿಪ್ಪೆಯ ರಸವನ್ನು ಹೊರಗೆಳೆಯುವುದರಿಂದ ಒಂದು ಹನಿ ನೀರನ್ನೂ ಸೇರಿಸಬಾರದು. ನೀರು ಬಿದ್ದ ರಸ ಬೇಗನೆ ಹುಳಿತು ನೊರೆಯೇಳುತ್ತದೆ. ಸೋಸಿದ ರಸಕ್ಕೆ ನಾಲ್ಕೈದು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿದರೆ ಪಾನಕ ಸಿದ್ಧ. ಇದರ ಬಣ್ಣ ಹಣ್ಣಿನದೇ ಆದ್ದರಿಂದ ಬೇರೆ ಬಣ್ಣ ಬೆರೆಸುವ ಅಗತ್ಯವೇ ಇಲ್ಲ. ಕಾರವಾರದ ಕಡೆಯ ಸೋಲ್ ಕಡಿ ಎಂಬ ಪೇಯಕ್ಕೆ ಮಾತ್ರ ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಬೇಕು. ಅದನ್ನು ನೆನೆಸಿ ಹಿಂಡಿದ ನೀರಿಗೆ ತೆಂಗಿನ ಹಾಲು ಬೆರೆಸಿದ ಮೇಲೆ ಕುದಿಸಬಾರದು.

ಇನ್ನು ತುಪ್ಪ. ತಾಳ್ಮೆ ಬೇಕಾಗುವುದು ಇಲ್ಲಿಯೇ. ಬೀಜಕ್ಕೆ ಅಂಟಿದ ತಿರುಳನ್ನು ಉಜ್ಜಿ ತೊಳೆದು, ಅಲುಗಾಡಿಸಿದರೆ ಒಳಗಿನ ಬೇಳೆ ಸದ್ದು ಮಾಡುವಷ್ಟು ಒಣಗಿಸಿ. ಆಮೇಲೆ ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆದು, ಬೇಳೆಯನ್ನು ಒರಳಿನಲ್ಲಿ ಅಥವಾ ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ. ಈ ಪುಡಿಗೆ ನಾಲ್ಕು ಪಟ್ಟು ನೀರು ಹಾಕಿ ಅಗಲ ಬಾಯಿಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸುತ್ತಾ ಹೋದರೆ ಜಿಡ್ಡು ಮೇಲೆ ತೇಲುತ್ತದೆ. ಅಲುಗಿಸದೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೆಪ್ಪುಗಟ್ಟಿದ ಪದರವನ್ನು ಎತ್ತಿ, ಮತ್ತೆ ಕರಗಿಸಿ, ಚಟಪಟ ಸದ್ದು ನಿಲ್ಲುವ ತನಕ ನೀರಿನಂಶ ಇಂಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ನೀರು ಉಳಿದರೆ ತುಪ್ಪ ಕಮಟುತ್ತದೆ. ಬೀಜದ ತೂಕದ ಸುಮಾರು ಕಾಲು ಭಾಗ ಕೊಬ್ಬೇ ಆಗಿದ್ದರೂ ಮನೆಯ ವಿಧಾನದಲ್ಲಿ ಅಷ್ಟೂ ಕೈಗೆ ಸಿಗುವುದಿಲ್ಲ.

ಈ ತುಪ್ಪ ಕರಗುವುದಕ್ಕೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕಾದ್ದರಿಂದ ಕರಾವಳಿಯ ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಹಾಗೆಯೇ ಹಚ್ಚಲು ಹೋದರೆ ಚರ್ಮದ ಮೇಲೆ ಹರಡುವುದು ಕಷ್ಟ. ಒಂದು ಚಮಚ ತುಪ್ಪಕ್ಕೆ ಅಷ್ಟೇ ತೆಂಗಿನೆಣ್ಣೆ ಸೇರಿಸಿ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಚಿಕ್ಕ ಡಬ್ಬಿಗೆ ಹಾಕಿಟ್ಟರೆ ಮೆದುವಾದ ಮುಲಾಮು ಆಗುತ್ತದೆ. ಸುವಾಸನೆಯ ಎಣ್ಣೆಗಳನ್ನು ಸೇರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಡೆದ ಚರ್ಮಕ್ಕೆ ಅವು ಉರಿ ತರಬಲ್ಲವು. ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯ್ದು, ತುರಿಕೆಯಾಗದಿದ್ದರೆ ರಾತ್ರಿ ಪಾದ ತೊಳೆದು ಒರೆಸಿ ಹಚ್ಚಿಕೊಳ್ಳಿ, ತುಟಿಗೂ ಬಳಸಬಹುದು. ರಕ್ತ ಜಿನುಗುವ ಬಿರುಕುಗಳಿದ್ದರೆ, ಅಥವಾ ಸಕ್ಕರೆ ಕಾಯಿಲೆಯವರ ಪಾದ ಒಡೆದಿದ್ದರೆ, ಮುಲಾಮಿಗೆ ಮೊದಲು ವೈದ್ಯರಿಗೆ ತೋರಿಸಬೇಕು.