ಅಲ್ಯೂಮಿನಿಯಂ ಗಟ್ಟಿಯ ಅನುರಣನಗಳನ್ನು ಒಂದೂ ಬಿಡದೆ ಎಣಿಸಿದ ಬಗೆ

ಅನುರಣನಗಳೆಂದರೆ ಗಟ್ಟಿ ಜೋರಾಗಿ ಕಂಪಿಸುವ ಆವೃತ್ತಿಗಳು; ಅವುಗಳ ನಡುವಿನ ಅಂತರಗಳಲ್ಲಿ ಕೇಯಾಸ್‌ನ (ಅವ್ಯವಸ್ಥಿತ ಚಲನೆಯ) ಗುರುತು ಹುಡುಕುವುದೇ ಎಣಿಕೆಯ ಉದ್ದೇಶ. ಗಟ್ಟಿಯ ಅಳತೆ 30 × 40 × 50 ಮಿ.ಮೀ. ಮೂರೂ ಬೇರೆಬೇರೆ ಇರಲೇಬೇಕು. ಎರಡು ಸಮವಾದರೆ ಮೂಲೆ ಕೊರೆದ ಮೇಲೂ ಕರ್ಣದ ಸಮ್ಮಿತಿ ಉಳಿದುಬಿಡುತ್ತದೆ. ಕೊರೆಯದ ಗಟ್ಟಿಯಲ್ಲಿ ಮೂರು ಕನ್ನಡಿ ಸಮ್ಮಿತಿಗಳಿಂದಾಗಿ ಎಂಟು ಗುಂಪಿನ ಅನುರಣನಗಳು ಬೆರೆತಿರುತ್ತವೆ. ಒಂದು ಗುಂಪಿಗೆ ಇನ್ನೊಂದರ ಹಂಗಿಲ್ಲದ್ದರಿಂದ ಕೇಯಾಸ್‌ನ ಗುರುತಾದ ಪರಸ್ಪರ ವಿಕರ್ಷಣೆ (ಅಕ್ಕಪಕ್ಕದ ಅನುರಣನಗಳು ತೀರ ಹತ್ತಿರ ಬಾರದಿರುವುದು) ಮುಚ್ಚಿಹೋಗುತ್ತದೆ. 20 ಮಿ.ಮೀ. ವ್ಯಾಸದ ಬಾಲ್-ನೋಸ್ (ದುಂಡು ತುದಿಯ) ಕಟರ್‌ನಿಂದ ಒಂದು ಮೂಲೆಯಲ್ಲಿ ಗೋಳದ ಎಂಟನೇ ಒಂದು ಭಾಗ ತೆಗೆದರೆ ಮೂರೂ ಸಮ್ಮಿತಿ ಮುರಿಯುತ್ತವೆ. ಹೋಗುವ ಲೋಹ ಶೇ. 1ಕ್ಕೂ ಕಡಿಮೆ. ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಸಂಸ್ಥೆಯ ಎಲೆಗಾರ್ಡ್ ತಂಡ 1995ರಲ್ಲಿ ಅಲ್ಯೂಮಿನಿಯಂನಲ್ಲಿ, ಮರುವರ್ಷ ಕ್ವಾರ್ಟ್ಜ್‌ನಲ್ಲಿ ಮಾಡಿದ್ದೂ ಇದನ್ನೇ.

ಗಟ್ಟಿಯನ್ನು ಕೂರಿಸಿದ್ದು ಮೂರು ಗ್ರಾಮೊಫೋನ್ ಸೂಜಿಗಳ ಮೇಲೆ. ಒಂದರಡಿಯ ಪೀಜೋ (ವಿದ್ಯುತ್ತನ್ನು ಕಂಪನವಾಗಿ, ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ತುಣುಕು) ನಡುಗಿಸುತ್ತದೆ, ಇನ್ನೊಂದರದ್ದು ಆಲಿಸುತ್ತದೆ, ಮೂರನೆಯದು ಬರೀ ಆಸರೆ. ಪೀಜೋವನ್ನು ನೇರ ಅಂಟಿಸಿದರೆ ಅಂಟೇ ಶಕ್ತಿಯನ್ನು ಹೀರಿ ಅನುರಣನದ ಶಿಖರಗಳನ್ನು ಅಗಲ ಮಾಡುತ್ತದೆ. ಗಾಳಿಯೂ ಹೀರುತ್ತದೆ, ಹಾಗಾಗಿ ಎಲ್ಲವೂ ನಿರ್ವಾತ ಗಂಟೆಯೊಳಗೆ.

ಕ್ಯೂ (ಆವೃತ್ತಿಯನ್ನು ಶಿಖರದ ಅಗಲದಿಂದ ಭಾಗಿಸಿದ ಸಂಖ್ಯೆ) 50,000 ಸಿಕ್ಕರೆ 250 ಕಿಲೋಹರ್ಟ್ಜ್‌ನಲ್ಲಿ ಶಿಖರದ ಅಗಲ 5 ಹರ್ಟ್ಜ್. ಗಟ್ಟಿ 1 ಡಿಗ್ರಿ ಬಿಸಿಯಾದರೆ ಅದೇ ಶಿಖರ 50–60 ಹರ್ಟ್ಜ್ ಕೆಳಗೆ ಜಾರುತ್ತದೆ! ಆದ್ದರಿಂದ ಉಷ್ಣಾಂಶ 0.05 ಡಿಗ್ರಿಯೊಳಗೆ ನಿಲ್ಲುವ ತನಕ ಸ್ವೀಪ್ (ಆವೃತ್ತಿಯನ್ನು ಹೆಜ್ಜೆಹೆಜ್ಜೆಯಾಗಿ ಏರಿಸುತ್ತಾ ಅಳೆಯುವುದು) ಶುರುಮಾಡಬಾರದು. 200ರಿಂದ 300 ಕಿಲೋಹರ್ಟ್ಜ್‌ವರೆಗೆ 2 ಹರ್ಟ್ಜ್ ಹೆಜ್ಜೆ, ಪ್ರತಿ ಹೆಜ್ಜೆಗೆ 0.2 ಸೆಕೆಂಡು: ಒಟ್ಟು ಸುಮಾರು ಎರಡೂಮುಕ್ಕಾಲು ಗಂಟೆ. ಅವಸರ ಮಾಡಿದರೆ ಹಿಂದಿನ ಶಿಖರದ ಕಂಪನ ಆರುವ ಮೊದಲೇ ಮುಂದಿನದು ಬಂದು ಆಕಾರ ಓರೆಯಾಗುತ್ತದೆ.

ನಿಜವಾದ ಕಷ್ಟ ತಪ್ಪಿಹೋಗುವ ಶಿಖರಗಳದ್ದು. ಸೂಜಿ ನಿಶ್ಚಲ ಬಿಂದುವಿನ ಮೇಲೆ ಕೂತಿದ್ದರೆ ಆ ಅನುರಣನ ಕಾಣುವುದೇ ಇಲ್ಲ. ಕನಿಷ್ಠ ಮೂರು ಬಾರಿ ಸೂಜಿಗಳ ಜಾಗ ಬದಲಿಸಿ ಅಳೆದು, ಪಟ್ಟಿಗಳನ್ನು ಕೂಡಿಸಬೇಕು. ಗಟ್ಟಿಯ ಗಾತ್ರ, ಮೇಲ್ಮೈಗಳಿಂದ ಅನುರಣನಗಳ ಸಂಖ್ಯೆಯನ್ನು ಅಂದಾಜಿಸುವ ವೈಲ್ ಸೂತ್ರದ ಗಾತ್ರದ ಪದವೊಂದೇ ಈ ವ್ಯಾಪ್ತಿಯಲ್ಲಿ ಸುಮಾರು 340 ಅನುರಣನ ಕೊಡುತ್ತದೆ. ಮೇಲ್ಮೈ ಪದ ಅದಕ್ಕಿನ್ನಷ್ಟು ಸೇರಿಸುತ್ತದೆ. ಎಣಿಕೆಯಿಂದ ಸೂತ್ರದ ನಯವಾದ ಗೆರೆಯನ್ನು ಕಳೆದು ನೋಡಿದಾಗ ಉಳಿಕೆ ಎಲ್ಲಾದರೂ ಒಂದು ಮೆಟ್ಟಿಲು ಕುಸಿದು ಮೇಲೇಳದಿದ್ದರೆ, ಅಲ್ಲೇ ಒಂದು ಬಿಟ್ಟುಹೋಗಿದೆ.

ಎರಡು ಶಿಖರಗಳು ಅಂಟಿಕೊಂಡು ಒಂದೇ ಎಂದು ಎಣಿಕೆಯಾದರೆ ಅಪಾಯ ಇನ್ನೂ ದೊಡ್ಡದು, ಇಲ್ಲದ ವಿಕರ್ಷಣೆ ಇದ್ದಂತೆ ತೋರುತ್ತದೆ. ಅದಕ್ಕೇ ಮೂಲೆ ಕೊರೆಯುವ ಮುನ್ನವೇ ಅದೇ ಗಟ್ಟಿಯನ್ನು ಅದೇ ಸೂಜಿಗಳ ಮೇಲೆ ಅಳೆದಿಟ್ಟುಕೊಳ್ಳಬೇಕು. ಸರಾಸರಿಯ ಹತ್ತನೇ ಒಂದಕ್ಕಿಂತ ಕಿರಿದಾದ ಅಂತರಗಳು 340ರಲ್ಲಿ 30ರ ಆಸುಪಾಸು ಸಿಗಬೇಕು. ಕೊರೆದ ಮೇಲೆ ವಿಗ್ನರ್ ವಿತರಣೆಯಂತೆ (ವಿಕರ್ಷಣೆ ಇರುವಾಗಿನ ಅಂತರಗಳ ಹಂಚಿಕೆ) ಎರಡೋ ಮೂರೋ. ಕೊರೆಯುವ ಮೊದಲೇ ಹತ್ತು ಸಿಕ್ಕಿದ್ದರೆ ಕಟರ್ ಮುಟ್ಟಬೇಡಿ, ಸೂಜಿಗಳ ಒತ್ತಡವನ್ನೂ ನಿರ್ವಾತವನ್ನೂ ಮೊದಲು ಸರಿಪಡಿಸಿ.