ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಪತ್ರಿಕೆಗಳ ಕವಿತೆ: ಮುಂಬಯಿಯಲ್ಲಿ ಕೂತು ಹುಡುಕುವ ಬಗೆ

ಮುಂಬಯಿ ವಿಶ್ವವಿದ್ಯಾಲಯದ ಕಲಿನಾದ ಕನ್ನಡ ವಿಭಾಗದಲ್ಲಿ ನವೋದಯದ ಮೇಲೆ ಕೆಲಸ ಮಾಡುವವರಿಗೂ ಮಾಟುಂಗದ ಕನ್ನಡ ಸಂಘಗಳಲ್ಲಿ ಉಪನ್ಯಾಸಕ್ಕೆ ತಯಾರಾಗುವವರಿಗೂ ಒಮ್ಮೆಯಾದರೂ ಈ ಪ್ರಶ್ನೆ ಎದುರಾಗುತ್ತದೆ: ನಮ್ಮ ಕವಿಗಳು ಹೊಸ ದಾರಿ ಹಿಡಿಯುತ್ತಿದ್ದ ಆ ವರ್ಷಗಳಲ್ಲಿ ಇಂಗ್ಲೆಂಡಿನ ಸಾಮಾನ್ಯ ಓದುಗ ಬೆಳಗಿನ ಚಹಾದ ಜೊತೆ ಯಾವ ಕವಿತೆ ಓದುತ್ತಿದ್ದ? ಸಂಕಲನಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅಲ್ಲಿರುವುದು ಆಮೇಲೆ ಆರಿಸಿದ, ಎಷ್ಟೋ ಸಲ ತಿದ್ದಿದ ಪಾಠ. 1919ರಿಂದ 1939ರವರೆಗಿನ ಪತ್ರಿಕೆಯ ಪುಟಗಳನ್ನೇ ನೋಡಬೇಕು.

ಹುಡುಕಾಟವನ್ನು ಕವಿಯ ಹೆಸರಿನಿಂದ ಶುರುಮಾಡಬೇಡಿ, ತಾರೀಕಿನಿಂದ ಶುರುಮಾಡಿ. ಪತ್ರಿಕೆಯ ಪದ್ಯಗಳಿಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ. ಇದ್ದರೂ ಬರೀ ಇನಿಷಿಯಲ್ ಅಥವಾ ಕಾವ್ಯನಾಮ. ಮ್ಯಾಂಚೆಸ್ಟರ್ ಗಾರ್ಡಿಯನ್ನಿನಲ್ಲಿ ‘ಲೂಸಿಯೊ’ ಎಂದು ಬರೆಯುತ್ತಿದ್ದವರು ಗಾರ್ಡನ್ ಫಿಲಿಪ್ಸ್. ನಿಜವಾದ ಹೆಸರು ಹಾಕಿ ಹುಡುಕಿದರೆ ಅವರ ಪದ್ಯ ಕೈಗೆ ಸಿಗದು. ಮೊದಲು ಘಟನೆಗಳ ಪಟ್ಟಿ ಮಾಡಿಕೊಳ್ಳಿ. ಮೊದಲ ಮಹಾಯುದ್ಧ ನಿಂತ ದಿನವಾದ ಪ್ರತಿ ವರ್ಷದ ನವೆಂಬರ್ 11, 1935ರ ಮೇ 6ರಂದು ದೊರೆ ಐದನೇ ಜಾರ್ಜ್‌ನ ರಜತೋತ್ಸವ, 1936ರ ಜನವರಿ 20ರಂದು ಅವನ ಸಾವು, 1937ರ ಮೇ 12ರಂದು ಆರನೇ ಜಾರ್ಜ್‌ನ ಪಟ್ಟಾಭಿಷೇಕ. ಪ್ರತಿಯೊಂದಕ್ಕೂ ಹಿಂದಿನ ಎರಡು ದಿನ, ಮುಂದಿನ ಒಂದು ವಾರ ನೋಡಿ. ಉದಾಹರಣೆಗೆ, 1935ರ ಜುಲೈ 16ಕ್ಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಪಿಟ್‌ಹೆಡ್‌ನಲ್ಲಿ ನೌಕಾಪಡೆಯ ಪ್ರದರ್ಶನ ನಡೆಯಿತು. ಮಾರನೇ ದಿನದ ಲಂಡನ್ನಿನ ಟೈಮ್ಸ್‌ನಲ್ಲಿ ಕಿಪ್ಲಿಂಗ್‌ನ ಕವಿತೆ ಬಂತು. 1926ರ ಮೇ ತಿಂಗಳ ಸಾರ್ವತ್ರಿಕ ಮುಷ್ಕರದ ದಿನಗಳಲ್ಲಿ ಬಹಳಷ್ಟು ಪತ್ರಿಕೆಗಳು ಅಚ್ಚಾಗಲೇ ಇಲ್ಲ, ಅಚ್ಚಾದವು ತೀರಾ ಸಣ್ಣದಾಗಿದ್ದವು. ಆ ವಾರ ಏನೂ ಸಿಗದಿದ್ದರೆ ಅದು ನಿಮ್ಮ ಹುಡುಕಾಟದ ತಪ್ಪಲ್ಲ.

ಪತ್ರಿಕೆಯ ಹೆಸರನ್ನೂ ವರ್ಷಕ್ಕೆ ತಕ್ಕಂತೆ ಆರಿಸಬೇಕು. ವೆಸ್ಟ್‌ಮಿನ್‌ಸ್ಟರ್ ಗೆಜೆಟ್ 1928ರಲ್ಲಿ ಡೈಲಿ ನ್ಯೂಸ್‌ನೊಳಗೆ ಸೇರಿತು. 1930ರಲ್ಲಿ ಡೈಲಿ ನ್ಯೂಸ್ ಮತ್ತು ಡೈಲಿ ಕ್ರಾನಿಕಲ್ ಕೂಡಿ ನ್ಯೂಸ್ ಕ್ರಾನಿಕಲ್ ಆಯಿತು. ಮಾರ್ನಿಂಗ್ ಪೋಸ್ಟ್ 1937ರಲ್ಲಿ ಡೈಲಿ ಟೆಲಿಗ್ರಾಫ್‌ನ ಪಾಲಾಯಿತು. ಯುದ್ಧ ಮುಗಿದ ಕೂಡಲೇ ಬಂದ ಕವಿತೆ ಬೇಕಿದ್ದವರು 1919ರ ಡೈಲಿ ಹೆರಾಲ್ಡ್ ಬಿಡಬಾರದು. ಆಗ ಅದರ ಸಾಹಿತ್ಯ ಸಂಪಾದಕ ಯುದ್ಧಕವಿ ಸೀಗ್‌ಫ್ರೀಡ್ ಸಸೂನ್.

ಹಳೆಯ ಪತ್ರಿಕೆಗಳ ಜಾಲತಾಣವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದಕ್ಕೆ ದುಡ್ಡಿಲ್ಲ, ಪುಟ ತೆರೆಯುವುದಕ್ಕೆ ಚಂದಾ. ಆದ್ದರಿಂದ ಪಟ್ಟಿಯನ್ನೆಲ್ಲ ಮೊದಲೇ ಸಿದ್ಧಮಾಡಿಕೊಂಡು ಒಂದೇ ತಿಂಗಳ ಚಂದಾದಲ್ಲಿ ಮುಗಿಸಿ. ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಮಾಡಿರಬೇಕು, ಚಂದಾ ಕಟ್ಟಿದ ಮೇಲೆ ಆಟೋ ರಿನ್ಯೂವಲ್ ಆಫ್ ಮಾಡಬೇಕು. ಟೈಮ್ಸ್ ಅಲ್ಲಿಲ್ಲ; ಅದು ಗೇಲ್ ಕಂಪನಿಯ ಬೇರೆ ಸಂಗ್ರಹ, ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಗ್ರಂಥಾಲಯಗಳ ಮೂಲಕ ತೆರೆಯುತ್ತದೆ. ದುಡ್ಡೇ ಬೇಡ ಎನ್ನುವವರಿಗೆ ಒಳ್ಳೆಯ ಅಡ್ಡದಾರಿಯಿದೆ: ಹಳೆಯ ಪತ್ರಿಕೆಗಳನ್ನು ಉಚಿತವಾಗಿ ತೋರಿಸುವ ಜಾಲತಾಣಗಳಾದ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್. ಅಲ್ಲಿನ ಪತ್ರಿಕೆಗಳು ಲಂಡನ್ನಿನ ಪದ್ಯಗಳನ್ನು ಧಾರಾಳವಾಗಿ ಮರುಮುದ್ರಿಸುತ್ತಿದ್ದವು, ಕೊನೆಯಲ್ಲಿ ಮೂಲ ಪತ್ರಿಕೆಯ ಹೆಸರನ್ನೂ ಹಾಕುತ್ತಿದ್ದವು. ಲಂಡನ್ನಿನ ಪತ್ರಿಕೆ ಹಡಗಿನಲ್ಲಿ ಅಲ್ಲಿಗೆ ಮುಟ್ಟಲು ಸುಮಾರು ಐದಾರು ವಾರ ಬೇಕಿತ್ತು. ಹಾಗಾಗಿ ಘಟನೆಯಾಗಿ ಒಂದರಿಂದ ಮೂರು ತಿಂಗಳ ನಂತರದ ಪತ್ರಿಕೆಗಳಲ್ಲಿ ಹುಡುಕಿ.

ಹುಡುಕುವಾಗ ಕವಿತೆಯ ಮೊದಲ ಪದ ಕೊಡಬೇಡಿ. ಅದರ ಮೊದಲಕ್ಷರವನ್ನು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ, ಪುಟದ ಚಿತ್ರವನ್ನು ಅಕ್ಷರವಾಗಿಸುವ ಯಂತ್ರದ ಓದು ಅಲ್ಲಿ ಎಡವುತ್ತದೆ. ನಡುವಿನ ಸಾಲಿನಿಂದ ನಾಲ್ಕು ಪದ ತೆಗೆದು ಉದ್ಧರಣ ಚಿಹ್ನೆಯೊಳಗೆ ಕೊಡಿ. ಸಿಗದಿದ್ದರೆ ಎರಡಕ್ಕೆ ಇಳಿಸಿ. ಆರ್ ಮತ್ತು ಎನ್ ಅಕ್ಷರಗಳು ಅಂಟಿಕೊಂಡು ಎಂ ಆಗುವುದು ತೀರಾ ಸಾಮಾನ್ಯ. ಈ ಪದ್ಯಗಳಲ್ಲಿ ಹೆಜ್ಜೆಗೊಮ್ಮೆ ಬರುವ ‘ಮಾರ್ನ್’ (morn, ಮುಂಜಾವು) ಯಂತ್ರದ ಪಾಠದಲ್ಲಿ ‘ಮಾಮ್’ (mom) ಆಗಿ ಕೂತಿರುತ್ತದೆ. ಅಚ್ಚಿನಲ್ಲೇ ಪಾಠ ಬದಲಾಗಿರುವುದೂ ಉಂಟು. 1914ರ ಸೆಪ್ಟೆಂಬರ್ 21ರ ಟೈಮ್ಸ್‌ನಲ್ಲಿ ಬಂದ ಕವಿ ಲಾರೆನ್ಸ್ ಬಿನ್ಯನ್‌ನ ಸಾಲು ‘ದೇ ಶಲ್ ಗ್ರೋ ನಾಟ್ ಓಲ್ಡ್’ (ಮಡಿದವರಿಗೆ ಮುಪ್ಪು ಬಾರದು). ಅದನ್ನು ‘ಶಲ್ ನಾಟ್ ಗ್ರೋ ಓಲ್ಡ್’ ಎಂದು ತಪ್ಪಾಗಿ ಉದ್ಧರಿಸುವುದು ವಾಡಿಕೆಯೇ ಆಗಿಬಿಟ್ಟಿದೆ. ಯುದ್ಧದಲ್ಲಿ ಮಡಿದವರಿಗೆ ಮನೆಯವರು ಹಾಕಿಸುತ್ತಿದ್ದ ಶ್ರದ್ಧಾಂಜಲಿ ಕಾಲಂಗಳನ್ನು ಹುಡುಕುವಾಗ ಎರಡೂ ರೂಪ ಕೊಟ್ಟು ನೋಡಿ. ಆ ಕಾಲಂಗಳನ್ನು ವಿಮರ್ಶಕರು ಕವಿತೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಕಾಲದ ಜನ ನಿಜಕ್ಕೂ ಬಳಸಿದ ಪದ್ಯ ಅದೇ, ಬಿಡಬೇಡಿ.

ಇನ್ನು ನಕಲು ಮಾಡುವ ಕೆಲಸ. ಹೆಚ್ಚು ಕೆಡುವುದು ಇಲ್ಲೇ. ಪತ್ರಿಕೆಯ ಕಾಲಂ ಕಿರಿದು. ಉದ್ದ ಸಾಲಿನ ಕೊನೆಯ ಒಂದೆರಡು ಪದಗಳನ್ನು ಮುರಿದು ಕೆಳಗೆ ಬಲಕ್ಕೆ ಸರಿಸಿ ಜೋಡಿಸುತ್ತಿದ್ದರು. ಯಂತ್ರ ಅದನ್ನು ಬೇರೆ ಸಾಲೆಂದು ಓದುತ್ತದೆ, ನಾಲ್ಕು ಸಾಲಿನ ಪದ್ಯ ಆರಾಗುತ್ತದೆ. ಪತ್ತೆ ಹಚ್ಚುವುದು ಸುಲಭ: ಆ ಕಾಲದ ಪದ್ಯದ ಸಾಲು ಸಾಮಾನ್ಯವಾಗಿ ದೊಡ್ಡಕ್ಷರದಿಂದ ಶುರುವಾಗುತ್ತದೆ, ಮುರಿದು ಕೆಳಗಿಳಿದ ತುಂಡು ಸಣ್ಣಕ್ಷರದಿಂದ. ಅನುಮಾನ ಬಂದಲ್ಲಿ ಅಂತ್ಯಪ್ರಾಸ ನೋಡಿ. ಕೂಡಿಸಬೇಕಾದ್ದನ್ನು ಕೂಡಿಸಿ, ಆದರೆ ಸಾಲುಗಳ ಆರಂಭದ ಒಳಸರಿತವನ್ನು ಅಳಿಸಬೇಡಿ. ಎಷ್ಟೋ ಪದ್ಯಗಳಲ್ಲಿ ಪ್ರಾಸ ಕೂಡುವ ಸಾಲುಗಳು ಒಂದೇ ಅಂತರದಿಂದ ಶುರುವಾಗುತ್ತವೆ.

ಕವಿತೆಯನ್ನಷ್ಟೇ ಕತ್ತರಿಸಿ ಇಟ್ಟುಕೊಂಡರೆ ಅರ್ಧ ಕೆಲಸ. ಇಡೀ ಪುಟದ ಒಂದು ಚಿತ್ರ, ಕವಿತೆಯ ಒಂದು ಚಿತ್ರ, ಎರಡನ್ನೂ ಉಳಿಸಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಪತ್ರಿಕೆ, ಪುಟ, ಕಾಲಂ ಎಂಬ ಕ್ರಮದಲ್ಲಿರಲಿ. ಆಗ ತಾನಾಗಿ ಕಾಲಾನುಕ್ರಮದಲ್ಲಿ ಕೂರುತ್ತದೆ. ಪಕ್ಕದ ಕಾಲಂನಲ್ಲಿ ನಿರುದ್ಯೋಗದ ಸುದ್ದಿಯಿತ್ತೋ ಕ್ರಿಕೆಟ್ಟಿತ್ತೋ ಎಂದು ಒಂದು ಸಾಲು ಬರೆದಿಡಿ. ಸ್ಕ್ರೀನಿನಲ್ಲಿ ಪುಟದ ಅಳತೆ ಅಂದಾಜಿಗೆ ಬರುವುದಿಲ್ಲ. ಮುಂಬಯಿ, ಪುಣೆಯ ಯಾವುದಾದರೂ ಹಳೆಯ ಗ್ರಂಥಾಲಯದಲ್ಲಿ ಆ ಕಾಲದ ಪತ್ರಿಕೆಯ ಬೈಂಡ್ ಮಾಡಿದ ಸಂಪುಟ ಒಂದನ್ನು ಕಣ್ಣಾರೆ ನೋಡಿದರೆ ಕವಿತೆಗೆ ಸಿಗುತ್ತಿದ್ದ ಜಾಗ ಎಷ್ಟೆಂದು ತಿಳಿಯುತ್ತದೆ. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಕಾಗದ ಪುಡಿಯಾಗುವಂತಿದ್ದರೆ ಸಂಪುಟ ಹೊರಗೆ ಕೊಡುವುದಿಲ್ಲ.

ಕವಿ ಯಾರೆಂದು ತಿಳಿದ ಪದ್ಯವನ್ನು ಅನುವಾದಿಸಿ ಪ್ರಕಟಿಸುವವರು ಕವಿ ತೀರಿದ ವರ್ಷ ನೋಡಬೇಕು, ಪದ್ಯ ಅಚ್ಚಾದ ವರ್ಷವನ್ನಲ್ಲ. ಭಾರತದಲ್ಲಿ ಹಕ್ಕು ಉಳಿಯುವುದು ಕವಿ ತೀರಿದ ಮೇಲೆ 60 ವರ್ಷ, ಬ್ರಿಟನ್ನಿನಲ್ಲಿ 70. 1936ರಲ್ಲಿ ತೀರಿಕೊಂಡ ಕಿಪ್ಲಿಂಗ್ ಎರಡೂ ಕಡೆ ಮುಕ್ತ. 1930ರಿಂದ ಬ್ರಿಟನ್ನಿನ ಆಸ್ಥಾನಕವಿಯಾಗಿದ್ದ ಜಾನ್ ಮೇಸ್‌ಫೀಲ್ಡ್ ತೀರಿದ್ದು 1967ರಲ್ಲಿ. ಅವರ ಪದ್ಯಕ್ಕೆ ಇಲ್ಲಿ 2027ರ ಕೊನೆಯವರೆಗೆ, ಅಲ್ಲಿ 2037ರ ಕೊನೆಯವರೆಗೆ ಅನುಮತಿ ಬೇಕು. ಸಸೂನ್ ತೀರಿದ್ದೂ ಅದೇ ವರ್ಷ.